ಪಂಕ್ತಿಯಲ್ಲಿ ಕೂರದ ಕಾಕು

ಹಳಿಯಾಳದಲ್ಲಿ ನಮ್ಮ ಪಕ್ಕದ ಮನೆಯ ಕಾಕು ಯಾರ ಮನೆಯ ಊಟಕ್ಕೆ ಹೋದರೂ ಪಂಕ್ತಿಯಲ್ಲಿ ಕೂತವರಲ್ಲ. ಸೆರಗು ಸಿಕ್ಕಿಸಿ ಬಡಿಸಲು ನಿಂತುಬಿಡುತ್ತಿದ್ದರು. ಕರೆದರೆ ಒಂದೇ ಮಾತು: “ನೀವು ಕುಂದರ್ರಿ, ನಾ ಆಮ್ಯಾಲ ಉಣ್ತೇನಿ.” ಎಂಥ ಸೇವಾಭಾವ ಎಂದು ಊರು ಕೈಮುಗಿಯಿತು. ಸವೆದುಹೋದ ಮೊಣಕಾಲಿನ ಕೀಲುಗಳ ವಿಷಯ ಊರಿಗೆ ಗೊತ್ತಿರಲಿಲ್ಲ. ನೆಲಕ್ಕೆ ಕೂತರೆ ಅವರನ್ನು ಇಬ್ಬರು ಎತ್ತಬೇಕಿತ್ತು. ಗೋಡೆಯಾಚೆಯಿಂದ ಅವರ ನರಳಿಕೆ ಕೇಳುತ್ತಿದ್ದವನು ನಾನು.

ಟೇಬಲ್ ಊಟದ ಈ ಕಾಲದಲ್ಲೂ ನೆಲದ ಪಂಕ್ತಿಯೇ ಬೇಕೆನ್ನುವ ಮನೆಯೊಂದರ ಮದುವೆ. ಅವರಿಗೆ ಕಾಕುವನ್ನು ಗೌರವಿಸುವ ಹುಕಿ ಬಂತು. “ಇವತ್ತ ನೀವು ಕುಂದರ್ರಿ ಕಾಕು, ನಾವು ಬಡಸ್ತೇವಿ,” ಎಂದು ರಟ್ಟೆ ಹಿಡಿದು ಮೊದಲ ಪಂಕ್ತಿಯಲ್ಲಿ ಕೂರಿಸಿಯೇಬಿಟ್ಟರು. ಗೌರವಕ್ಕೆ ಮೊಣಕಾಲು ಇರುವುದಿಲ್ಲವಲ್ಲ.

ಪಂಕ್ತಿ ಎದ್ದಿತು. ಕಾಕು ಏಳಲಿಲ್ಲ. “ಇನ್ನೊಂದೀಟು ಅನ್ನ ತರ್ರಿ,” ಎಂದರು. ಎರಡನೇ ಪಂಕ್ತಿ ಕೂತು ಎದ್ದರೂ ಅವರು ಉಣ್ಣುತ್ತಲೇ ಇದ್ದರು.

“ಇಷ್ಟ ವರ್ಷದ ಹಸಿವಿ ಇವತ್ತ ಹೊರಗ ಬಂತು ನೋಡ್ರಿ,” ಎಂದು ಕೈಮುಗಿದವರೇ ನಕ್ಕರು.

ಹೋಳಿಗೆಯ ಬುಟ್ಟಿ ನನ್ನ ಕೈಯಲ್ಲಿತ್ತು. ಕಥೆ ಚೆಂದವಾಗಲೆಂದು ನೆನಪೇ ಅದನ್ನು ಆಮೇಲೆ ನನ್ನ ಕೈಗೆ ಕೊಟ್ಟಿದ್ದರೂ ಕೊಟ್ಟಿರಬಹುದು. ಅದಕ್ಕೆ ಆ ಚಟವಿದೆ. ಆದರೆ ನಾನು ಬಗ್ಗಿ, ಎಬ್ಬಿಸಲು ಕೈ ಚಾಚಿದ್ದಂತೂ ನಿಜ. ಕಾಕು ಸುತ್ತ ನೋಡಿ, ತುಟಿ ಅಲುಗದಂತೆ ಹೇಳಿದರು:

“ಮಂದಿ ನೋಡಾಕತ್ತಾರ. ಕೈ ತಗಿ ತಮ್ಮಾ, ಹೋಳಿಗಿ ಹಾಕು.”