ತಗಡಿನ ಡಬ್ಬಿ, ಉಸುಕು ಮತ್ತು ಅತ್ತೆಯ ಅಂಗೈ

ಬೆಕ್ಕು ಕೌದಿಯ ಮೇಲೆ ಉಚ್ಚೆ ಹೊಯ್ದರೆ ಬೈಸಿಕೊಳ್ಳುತ್ತಿದ್ದವಳು ನಾನು, ಬೆಕ್ಕಲ್ಲ. ನಾನು ಮದುವೆಯಾಗಿ ವಾಡಿ ಊರಿಗೆ ಬಂದ ಮೊದಲ ವರ್ಷದ ಮಾತು ಇದು. ರೈಲು ಹಳಿಗೆ ಬೆನ್ನು ಹಾಕಿ ನಿಂತ ಎರಡು ಕೋಣೆಯ ಬಾಡಿಗೆ ಮನೆ. ನೆಲಕ್ಕೆ ಫರಸಿ ಕಲ್ಲು, ಗೋಡೆಗೆ ಫರಸಿ, ಹಿತ್ತಲಿಗೂ ಫರಸಿ. ಕೆದರಲು ಒಂದು ಹಿಡಿ ಮಣ್ಣಿಲ್ಲ. ಹಳಿಯ ಪಕ್ಕದ ಎಂಜಿನ್ ಬೂದಿಯ ಗುಡ್ಡೆಗೆ ಹೋಗಿ ಬರುತ್ತಿದ್ದ ಬೆಕ್ಕು, ಅಲ್ಲಿ ನಾಯಿಗಳು ಠಿಕಾಣಿ ಹೂಡಿದ ಮೇಲೆ ಹೊಸ್ತಿಲು ದಾಟುವುದನ್ನೇ ಬಿಟ್ಟಿತು.

ಬೆಕ್ಕು ಅತ್ತೆಯದು. ಅತ್ತೆಗೆ ಕಿವಿ ಕೇಳುತ್ತಿರಲಿಲ್ಲ. ನಾನು ಬರುವುದಕ್ಕೆ ಎಷ್ಟೋ ಮೊದಲು ಯಾವುದೋ ಜ್ವರದಲ್ಲಿ ಹೋಗಿತ್ತಂತೆ. ಬಿಡುವಾದಾಗಲೆಲ್ಲ ಬೆಕ್ಕನ್ನು ಮಡಿಲಲ್ಲಿ ಹಾಕಿಕೊಂಡು, ಅದರ ಎದೆಯ ಮೇಲೆ ಅಂಗೈ ಇಟ್ಟು ಕುಳಿತಿರುತ್ತಿದ್ದರು. ನನಗೋ ಹೊಟ್ಟೆಕಿಚ್ಚು. ಮನೆಗೆ ಬಂದ ಸೊಸೆಗಿಂತ ಬೆಕ್ಕೇ ಹೆಚ್ಚಾಯಿತಲ್ಲ ಅಂತ.

ಗಂಡ ಎಣ್ಣೆಯ ತಗಡಿನ ಡಬ್ಬಿಯನ್ನು ಉದ್ದಕ್ಕೆ ಸೀಳಿ, ಅಂಚು ಮಡಿಸಿ, ಕಾಗಿಣಾ ಹೊಳೆಯ ಉಸುಕು ತುಂಬಿ ಬಚ್ಚಲ ಪಕ್ಕ ಇಟ್ಟರು. ಬೆಕ್ಕು ಹತ್ತಿತು, ಕೆದರಿತು, ಕುಳಿತುಕೊಂಡಿತು. ಇನ್ನೇನು ಕೆಲಸ ಆಯಿತು ಅನ್ನುವಾಗ ಕೆಂಡ ತುಳಿದ ಹಾಗೆ ಹಾರಿ, ಸೀದಾ ಹೋಗಿ ಕೌದಿಯ ಮೇಲೆ! ಉಸುಕು ಬದಲಿಸಿದೆವು. ಬೂದಿ ಹಾಕಿ ನೋಡಿದೆವು. ನಾನು ಜಾಣತನ ಮಾಡಿ ಫಿನಾಯಿಲ್ ಸುರಿದು ಡಬ್ಬಿ ತೊಳೆದೆ. ಆ ವಾಸನೆ ಹೋಗುವ ತನಕ ಬೆಕ್ಕು ಅತ್ತ ಸುಳಿಯಲೇ ಇಲ್ಲ. ಒಮ್ಮೊಮ್ಮೆ ಮಾತ್ರ ಡಬ್ಬಿಯಲ್ಲೇ ಮುಗಿಸಿ, ಉಸುಕು ಮುಚ್ಚಿ, ಸಂಭಾವಿತರ ಹಾಗೆ ಹೊರಬರುತ್ತಿತ್ತು. ಅದೇ ನಮಗೆ ಹೆಚ್ಚು ಸಿಟ್ಟು ತರಿಸುತ್ತಿತ್ತು. ಗೊತ್ತಿದ್ದೂ ಹೀಗೆ ಮಾಡುತ್ತದೆ ಅಂತಾಯಿತಲ್ಲ.

ಗಂಡ ಶಹಾಬಾದಿನ ಕಾರ್ಖಾನೆಗೆ ರೈಲಿನಲ್ಲಿ ಹೋಗಿಬರುತ್ತಿದ್ದರು. ಒಂದು ಮುಂಜಾನೆ ತೊಡಬೇಕಾದ ಅಂಗಿಯೇ ಒದ್ದೆಯಾಗಿತ್ತು.

"ಸಾಕಾತು. ಇವತ್ತು ಚೀಲ ತರ್ತೀನಿ. ನಾಳಿ ಇದನ್ನ ಅದರಾಗ ಹಾಕ್ಕೊಂಡು ಹೋಗಿ ಶಹಾಬಾದ್‌ದಾಗ ಬಿಟ್ಟ ಬರ್ತೀನಿ," ಎಂದರು.

ತಾಯಿಯ ಎದುರಿಗೇ ನಿಂತು ಹೇಳಿದ್ದು. ಹೇಗೂ ಕೇಳುವುದಿಲ್ಲ ಎಂಬ ಧೈರ್ಯ. ಅತ್ತೆ ತುಟಿ ನೋಡಿಯೇ ಮಾತು ತಿಳಿಯುತ್ತಾರೆ ಅನ್ನುವುದು ಸಿಟ್ಟಿನಲ್ಲಿ ಮರೆತುಹೋಗಿತ್ತು. ಅತ್ತೆ ಬೆಕ್ಕನ್ನು ಸೆರಗಿನೊಳಗೆ ಎಳೆದುಕೊಂಡರು. ಅವತ್ತು ಊಟ ಮುಟ್ಟಲಿಲ್ಲ.

ಗಂಡ ಕೆಲಸಕ್ಕೆ ಹೋದ ಮೇಲೆ ಅತ್ತೆ ಡಬ್ಬಿಯ ಪಕ್ಕದಲ್ಲಿ, ಬಚ್ಚಲ ಆ ನಾತದಲ್ಲಿ, ನೆಲದ ಮೇಲೆ ಕುಳಿತುಬಿಟ್ಟರು. ಏಳಿರೆಂದು ಎಷ್ಟು ಕೈಸನ್ನೆ ಮಾಡಿದರೂ ಏಳಲೊಲ್ಲರು. ಮಧ್ಯಾಹ್ನ ಬೆಕ್ಕು ಬಂದು ಡಬ್ಬಿ ಹತ್ತಿತು, ಕೆದರಿತು, ಕುಳಿತಿತು, ಹಾರಿ ಓಡಿತು. ಅತ್ತೆ ತಟ್ಟನೆ ಡಬ್ಬಿಯ ಅಂಚಿಗೆ ಅಂಗೈ ಒತ್ತಿ ನನ್ನನ್ನು ಕರೆದರು.

"ಇಲ್ಲಿ ಕೈ ಇಡು ಯವ್ವಾ."

ಇಟ್ಟೆ. ತಗಡು ಸಣ್ಣಗೆ ನಡುಗುತ್ತಿತ್ತು.

"ಗಾಡಿ ಬರ್ಲಿಕತ್ತದ," ಎಂದರು.

ಕಿವಿಗೊಟ್ಟೆ. ಏನೂ ಇಲ್ಲ. ಇವರಿಗೆ ಅರಳುಮರುಳು ಶುರುವಾಯಿತು ಅಂದುಕೊಂಡು ಕೈ ತೆಗೆಯಬೇಕು, ಅಷ್ಟರಲ್ಲಿ ದೂರದಿಂದ ಸೀಟಿ ಬಂತು. ಗೂಡ್ಸ್ ಗಾಡಿಯೊಂದು ಹಿತ್ತಲ ಹಿಂದೆ ಗಡಗಡ ಹಾದುಹೋಯಿತು. ಎರಡೂ ಕಿವಿ ನೆಟ್ಟಗಿದ್ದ ನನಗೆ ಇನ್ನೂ ಕೇಳದ ಗಾಡಿ ಬೆಕ್ಕಿನ ಪಾದಕ್ಕೆ ಮುಟ್ಟಿತ್ತು, ಅತ್ತೆಯ ಅಂಗೈಗೂ ಮುಟ್ಟಿತ್ತು! ಬರಿ ಕಲ್ಲಿನ ಮೇಲೆ ಬರಿ ತಗಡು. ಗಾಡಿ ಬಂದಾಗಲೆಲ್ಲ ನಡುಗುತ್ತಿತ್ತು. ಕೌದಿಯಾದರೆ ನಡುಗುವುದಿಲ್ಲ.

ಇನ್ನೊಂದು ಮಾತೂ ಆಗಲೇ ಹೊಳೆಯಿತು. ಸಂಜೆಯ ಪ್ಯಾಸೆಂಜರ್ ಗಾಡಿ ಹೊತ್ತಿಗೆ ಸರಿಯಾಗಿ ಬಂದದ್ದು ನಾನಂತೂ ಕಂಡಿಲ್ಲ. ಆದರೂ ಗಂಡ ಮನೆ ಮುಟ್ಟುವಾಗ ಅತ್ತೆಯ ಚಹಾ ಶೆಗಡಿಯ ಮೇಲೆ ಕುದಿಯುತ್ತಿರುತ್ತಿತ್ತು. ಏನೋ ತಾಯಿಯ ಅಂದಾಜು ಅಂದುಕೊಂಡಿದ್ದೆ. ಅವರು ಬರಿಗಾಲಲ್ಲಿ ಫರಸಿಯ ಮೇಲೆ ನಿಂತು ಮಗ ಬರುವುದನ್ನು ತಿಳಿಯುತ್ತಿದ್ದರು. ಅವರ ಮುಖ ನೋಡಲು ನನಗೆ ಒಂದು ಥರ ಭಯಭಕ್ತಿಯೇ ಆಯಿತು.

ಮಾವಿನ ಹಣ್ಣಿನ ಹಳೆಯ ಕಟ್ಟಿಗೆಯ ಪೆಟ್ಟಿಗೆಯೊಂದಿತ್ತು. ಒಳಗೆ ಗೋಣಿತಟ್ಟು ಹಾಸಿ ಉಸುಕು ತುಂಬಿದೆ. ಕೆಳಗೂ ಒಂದು ಮಡಚಿ ಇಟ್ಟೆ. ಸಂಜೆ ಗಂಡ ಹೇಳಿದಂತೆಯೇ ಚೀಲ ಹಿಡಿದುಕೊಂಡು ಬಂದರು. ನಮ್ಮ ಪುಣ್ಯಕ್ಕೆ ಬೆಕ್ಕು ಆಗಷ್ಟೇ ಪೆಟ್ಟಿಗೆ ಹತ್ತಿತ್ತು. ಸುಮ್ಮನಿರಿ ಎಂದು ಬಾಯಿಗೆ ಬೆರಳಿಟ್ಟು ತೋರಿಸಿದೆ. ಹಿಂದಿನಿಂದ ಒಂದು ಗಾಡಿ ಹಾದುಹೋಯಿತು, ಅಟ್ಟದ ಪಾತ್ರೆಗಳು ಗಲಗಲಿಸಿದವು. ಬೆಕ್ಕು ಕದಲಲಿಲ್ಲ. ಮುಗಿಸಿತು, ಉಸುಕು ಮುಚ್ಚಿತು, ಬಂದು ಅತ್ತೆಯ ಮಡಿಲೇರಿತು.

ನಾನು ನಡೆದದ್ದೆಲ್ಲ ಹೇಳಿದೆ. ಗಂಡ ಬೆರಗಾಗಿ ತಾಯಿಯ ಎದುರು ಕುಕ್ಕರಿಸಿದರು. "ಅವ್ವಾ, ಕಿವಿ ಇಲ್ಲದಾಕಿ ನಿನಗ ಹೆಂಗ ತಿಳೀತು?"

ಅತ್ತೆ ಅವರ ಕೈ ಹಿಡಿದೆಳೆದು ಬೆಕ್ಕಿನ ಎದೆಯ ಮೇಲೆ ಇಟ್ಟರು. ಅದು ಗುರುಗುರು ಅನ್ನುತ್ತಿತ್ತು.

"ಮನ್ಯಾಗ ನನಗ ಕೇಳೋ ಸಪ್ಪಳ ಇದೊಂದೇ ನೋಡಪ್ಪ. ಇದನ್ನೂ ಚೀಲದಾಗ ಹಾಕ್ಕೊಂಡು ಒಯ್ಯಾಂವ ಇದ್ದಿ."

ಗಂಡ ಬಹಳ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ಎದ್ದು, ತಂದ ಚೀಲವನ್ನು ಮಡಚಿ, ಪೆಟ್ಟಿಗೆಯನ್ನು ಎತ್ತಿ ಅದರ ಕೆಳಗೆ ಹಾಸಿದರು.