ಚನ್ನವ್ವನ ಎಮ್ಮೆಗಳನ್ನು ಸೈನ್ಯ ಬಂಧಿಸಿದ ವಾರ

ಗಡಹಿಂಗ್ಲಜದ ಎಸ್‌ಟಿ ಸ್ಟ್ಯಾಂಡಿನಲ್ಲಿ ಇಚಲಕರಂಜಿ ಬಸ್ಸಿಗೆ ಕಾಯುತ್ತಿದ್ದೆ. ಬಸ್ಸು ಹೊತ್ತಿಗೆ ಸರಿಯಾಗಿ ಬರಲಿಲ್ಲ (ಬಂದಿದ್ದರೆ ಈ ವಾರ ನೀವು ಬೇರೇನೋ ಓದುತ್ತಿದ್ದಿರಿ).

ಚಹಾದ ಗಾಡಿಯ ಮುಂದೆ ಎತ್ತರದ ಮುದುಕರೊಬ್ಬರು ನಿಂತಿದ್ದರು. ಬಿಳಿ ಮೀಸೆ, ಸೆಟೆದ ಬೆನ್ನು. ಗಾಡಿಯವನಿಗೆ ಹಿಂದಿಯಲ್ಲಿ ಏನೋ ವಿವರಿಸುತ್ತಿದ್ದರು. ನದಿಯ ಹತ್ತಿರ ಒಬ್ಬ ಹೆಂಗಸು ಇದ್ದಳಂತೆ. ಆಕೆಗೆ ಆರು ಎಮ್ಮೆ ಇದ್ದವಂತೆ. ಆ ಆರನ್ನೂ ಇವರು ಅರೆಸ್ಟ್ ಮಾಡಿದ್ದರಂತೆ. ಈಗ ಆಕೆಯ ಮನೆ ಎಲ್ಲಿ?

ಗಾಡಿಯವನು ನನ್ನ ಕಡೆ ತಿರುಗಿದ. "ಅಕ್ಕಾರ, ಆಜೋಬಾಗ ಬಿಸಲ ಹತ್ತೇತಿ ಕಾಣತೈತಿ. ಎಮ್ಮಿ ಯಾರರ ಅರೆಸ್ಟ್ ಮಾಡ್ತಾರೇನ್ರಿ?"

ಮಾಡುತ್ತಾರೆ. ಮಾಡಿದ್ದರು. ನಾನು ಕಣ್ಣಾರೆ ನೋಡಿದ್ದೇನೆ.

"ಹವಾಲ್ದಾರ್ ರಾಮಫಲ್?" ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಮುಖ ಅರಳಿತು. "ಕಾಲೇಜ್‌ವಾಲೀ ಬೇಟಿ!"

ಐವತ್ತು ದಾಟಿದವಳನ್ನು ಬೇಟಿ ಎಂದು ಕರೆಯುವವರು ಇನ್ನೆಷ್ಟು ಜನ ಉಳಿದಿದ್ದಾರೆ, ನೀವೇ ಹೇಳಿ. ಆ ಒಂದು ಶಬ್ದಕ್ಕೇ ನಾನು ಬಸ್ಸು ಮರೆತೆ. ಇಬ್ಬರೂ ಕಟ್ಟೆಯ ಮೇಲೆ ಕುಳಿತೆವು. ಅವರ ಮಗನಿಗೆ ಕಾಗಲದ ಕಾರ್ಖಾನೆಯೊಂದರಲ್ಲಿ ಕೆಲಸವಂತೆ. ಹರಿಯಾಣದಿಂದ ಮಗನನ್ನು ನೋಡಲು ಬಂದವರು, ಇಷ್ಟು ದೂರ ಬಂದಿದ್ದೇನೆ, ಗಡಹಿಂಗ್ಲಜ ನೋಡದೆ ಹೋಗಲೇ ಎಂದು ಒಬ್ಬರೇ ಬಸ್ಸು ಹತ್ತಿದ್ದರು.

ಎಮ್ಮೆಗಳ ಅರೆಸ್ಟು ಮೂವತ್ತು ವರ್ಷದ ಹಿಂದಿನ ಮಾತು. ಆಗ ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಾಲೇಜಿನಲ್ಲಿ ಹಿಂದಿ ಸಾಹಿತ್ಯ. ಅಪ್ಪನದು ಪೇಟೆಯಲ್ಲಿ ಬಟ್ಟೆ ಅಂಗಡಿ. ದೀಪಾವಳಿ ಮುಗಿದು ಕಬ್ಬು ಕಡಿಯುವುದು ಶುರುವಾಗಿತ್ತು. ಹಿರಣ್ಯಕೇಶಿಯಲ್ಲಿ ಇನ್ನೂ ನೀರು ತುಂಬಿತ್ತು. ಆ ನೀರಿನ ಮೇಲೆ ತೇಲುವ ಸೇತುವೆ ಕಟ್ಟುವುದನ್ನು ಕಲಿಯಲು ಸೈನ್ಯದ ತುಕಡಿಯೊಂದು ಬಂತು.

ಊರಿಗೆ ಊರೇ ಕುಣಿಯಿತು. ಹಾರ ಹಾಕಿದರು, ಪೇಢೆ ಹಂಚಿದರು. ಹೋಟೆಲಿನವರು ಜವಾನರಿಗೆ ಚಹಾ ಪುಕ್ಕಟೆ ಎಂದರು. ಫುಟ್‌ಬಾಲ್ ಹುಡುಗರು (ನಮ್ಮೂರಲ್ಲಿ ಫುಟ್‌ಬಾಲ್ ಆಡದವನನ್ನು ಹುಡುಗ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ) ಮ್ಯಾಚಿಗೆ ಕರೆದರು. ಈ ಪ್ರೀತಿ ಮೂರು ದಿನ ನಡೆಯಿತು.

ನಾಲ್ಕನೇ ದಿನ ನದಿಗೆ ಇಳಿಯುವ ದಾರಿಯಲ್ಲಿ ಹಗ್ಗ ಬಿತ್ತು. ಜೊತೆಗೊಂದು ಬೋರ್ಡು: ಮುಂದೆ ಹೋಗಬಾರದು. ಹಿಂದಿಯಲ್ಲೂ ಇತ್ತು, ಇಂಗ್ಲಿಷಿನಲ್ಲೂ ಇತ್ತು. ಮರಾಠಿಯಲ್ಲಿರಲಿಲ್ಲ, ಕನ್ನಡದಲ್ಲಿರಲಿಲ್ಲ. ಇದ್ದಿದ್ದರೂ ಎಮ್ಮೆಗಳೇನು ಓದುತ್ತಿದ್ದವೇ?

ಎಮ್ಮೆಗಳು ಚನ್ನವ್ವನವು. ಚನ್ನವ್ವ ನಮ್ಮ ಮನೆಯ ಹಿಂದಿನ ಓಣಿಯ ವಿಧವೆ. ನಾನು ಅತ್ತಿ ಎಂದು ಕರೆಯುತ್ತಿದ್ದೆ. ಅರ್ಧ ಪೇಟೆಗೆ ಆಕೆಯ ಮನೆಯ ಹಾಲು. ದಿನಾ ಮಧ್ಯಾಹ್ನ ಆರೂ ಎಮ್ಮೆಗಳು ಸಾಲಾಗಿ ನದಿಗಿಳಿದು, ಕೊಂಬಷ್ಟೇ ಕಾಣುವಂತೆ ಮುಳುಗಿ, ಎರಡು ತಾಸು ಜಗತ್ತನ್ನು ಮರೆಯುತ್ತಿದ್ದವು. ಹಗ್ಗ ಬಿದ್ದ ದಿನವೂ ಅವು ಹೊರಟವು.

ಕಾವಲಿನ ಜವಾನ ಬಂದೂಕು ಅಡ್ಡ ಹಿಡಿದು ಕೂಗಿದ. "ಥಮ್! ಕೌನ್ ಆತಾ ಹೈ?"

"ಎಮ್ಮಿ ಬರಾಕತ್ತಾವ. ಕಣ್ಣ ಕಾಣಸಂಗಿಲ್ಲೇನ ನಿನಗ?" ಎಂದಳು ಚನ್ನವ್ವ.

ಎಮ್ಮೆಗಳು ಹಗ್ಗವನ್ನು ಎದೆಯಿಂದ ನೂಕಿಕೊಂಡು ಹೋದವು. ನದಿಯಲ್ಲಿ ಜವಾನರು ಸೇತುವೆಯ ತುಂಡುಗಳನ್ನು ಒಂದಕ್ಕೊಂದು ಜೋಡಿಸುತ್ತಿದ್ದರು. ಎಮ್ಮೆಗಳು ಸರಿಯಾಗಿ ಆ ನಡುವಿನ ಜಾಗದಲ್ಲೇ ಕುಳಿತವು. ಸೀಟಿ ಊದಿದರು. ಕಿವಿ ಅಲ್ಲಾಡಿಸಿದವು. ತಮಟೆ ಬಡಿದರು. ಒಂದು ಎಮ್ಮೆ ಸೆಗಣಿ ಹಾಕಿತು. ಅವತ್ತು ಸೇತುವೆ ಕೂಡಲಿಲ್ಲ. ಮರುದಿನವೂ ಇಲ್ಲ. ಮೂರನೇ ದಿನ, ಶುಕ್ರವಾರ, ತುಕಡಿಯ ಮುಖ್ಯಸ್ಥ ಮೇಜರ್ ಸಾಹೇಬರು ಆರು ಎಮ್ಮೆಗಳನ್ನೂ ಹಿಡಿದು ಕ್ಯಾಂಪಿನೊಳಗೆ ಕಟ್ಟಿಸಿದರು. ಕಾಗದ ಕೂಡ ತಯಾರಾಯಿತು: ಬಣ್ಣ ಕಪ್ಪು, ಸಂಖ್ಯೆ ಆರು, ಅಪರಾಧ ಅನುಮತಿಯಿಲ್ಲದೆ ಪ್ರವೇಶ.

ನಗಬೇಡಿ. ಚನ್ನವ್ವನಿಗೆ ನಗು ಬರುವ ಹಾಗಿರಲಿಲ್ಲ. ಆ ಆರರಲ್ಲಿ ಕಾಶಿ ಎನ್ನುವ ಎಮ್ಮೆಗೆ ದಿನ ತುಂಬಿದ್ದವು. ಹಿಂದಿನ ಸಲ ಅದರ ಕರು ಹೊಟ್ಟೆಯಲ್ಲೇ ಸತ್ತು, ಕಾಶಿಯೂ ಬದುಕಿದ್ದೇ ಹೆಚ್ಚು ಎನ್ನುವಂತಾಗಿತ್ತು. ಚನ್ನವ್ವ ಶುಕ್ರವಾರ ಸಂಜೆ ಕ್ಯಾಂಪಿನ ಗೇಟಿನ ಮುಂದೆ ಕುಳಿತಳು. "ಆಕಿ ನಾ ಇಲ್ಲದ ಮೇವ ಮುಟ್ಟಂಗಿಲ್ಲರೋ, ಒಳಗ ಬಿಡ್ರೋ" ಎಂದು ಕೂಗಿದಳು. ಯಾರೂ ಬಿಡಲಿಲ್ಲ. ಯಾರಿಗೂ ಅರ್ಥವಾಗಲಿಲ್ಲ.

ಶನಿವಾರ ಬೆಳಿಗ್ಗೆ ಊರು ಯುದ್ಧ ಸಾರಿತು.

ಮೊದಲ ಏಟು ಇಸ್ತ್ರಿ ಅಂಗಡಿಯ ಬಾಬು ಮಾಮಾನದು. ಸೋಮವಾರ ಬ್ರಿಗೇಡಿಯರ್ ಸಾಹೇಬರು ತಪಾಸಣೆಗೆ ಬರುವವರಿದ್ದರು. ಅದಕ್ಕಾಗಿ ಇಡೀ ತುಕಡಿಯ ಯೂನಿಫಾರ್ಮುಗಳೆಲ್ಲ ಒಗೆಯಲು, ಇಸ್ತ್ರಿಗೆ ಎಂದು ಬಾಬು ಮಾಮಾನ ಮನೆಯಲ್ಲಿದ್ದವು. ಅವನ್ನು ತರಲು ಬಂದ ಜವಾನನಿಗೆ ಮಾಮಾ ಬಾಗಿಲಲ್ಲೇ ನಿಂತು ಹೇಳಿದ. "ಎಮ್ಮಿ ಮನಿಗೆ ಬರೂತನಕ ಅಂಗಿ ಕ್ಯಾಂಪಿಗೆ ಬರಂಗಿಲ್ಲ. ನಿಮ್ಮ ಸಾಹೇಬಗ ಹೇಳ ಹೋಗ, ಸಾಹೇಬಾಲಾ ಸಾಂಗ್ ಜಾ!"

ಕ್ಷೌರಿಕರು ಕತ್ತರಿ ಒಳಗಿಟ್ಟರು. ಹೋಟೆಲಿನಲ್ಲಿ ಚಹಾ ನಿಂತಿತು (ಚನ್ನವ್ವನ ಹಾಲೇ ಇಲ್ಲವಾದ್ದರಿಂದ ಅದು ಹೇಗೂ ನಿಲ್ಲುತ್ತಿತ್ತು, ಆದರೂ ಹೋಟೆಲಿನವರು ಅದನ್ನು ಬಹಿಷ್ಕಾರ ಎಂದೇ ಕರೆದರು). ಜವಾನರು ಬನಿಯನ್, ಚಡ್ಡಿಯಲ್ಲಿ ಕವಾಯತು ಮಾಡಿದರು. ಊರಿನ ಜನ ಗೋಡೆ ಹತ್ತಿ ನೋಡಿದರು. ಚಪ್ಪಾಳೆ ತಟ್ಟಿದರು. ದೇಶದ ರಕ್ಷಣಾ ಪಡೆ ಅಷ್ಟು ಹತ್ತಿರದಿಂದ ಅಷ್ಟು ಬಡಪಾಯಿಯಾಗಿ ಕಂಡಿದ್ದು ಅದೇ ಮೊದಲು.

ಮಧ್ಯಾಹ್ನ ಮಾತುಕತೆ ಎಂದಾಯಿತು. ಚನ್ನವ್ವನಿಗೆ ಕನ್ನಡ, ಮೇಜರ್ ಸಾಹೇಬರಿಗೆ ಹಿಂದಿ. ನಡುವೆ ಯಾರು?

"ಸುನಂದಿ ಹಿಂದಿ ಕಲ್ಯಾಕತ್ತಾಳಲ್ಲ" ಎಂದಳು ಚನ್ನವ್ವ, ನನ್ನ ಕಡೆ ಬೆರಳು ಮಾಡಿ.

ಅಪ್ಪ ಬೇಡವೆಂದರು. ಅಮ್ಮ ಹೋಗಲಿ ಬಿಡ್ರಿ ಎಂದಳು. ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋದೆ. ಇಡೀ ಕ್ಯಾಂಪಿನಲ್ಲಿ ಅವತ್ತು ಇಸ್ತ್ರಿ ಬಟ್ಟೆ ತೊಟ್ಟಿದ್ದವಳು ನಾನೊಬ್ಬಳೇ ಇರಬೇಕು.

ಕ್ಯಾಂಪಿನ ಬೇವಿನ ಮರದ ಕೆಳಗೆ ಮೇಜು. ಆ ಕಡೆ ಮೇಜರ್ ಸಾಹೇಬರು, ಅರ್ಧ ತೋಳಿನ ಬನಿಯನ್ನಿನ ಮೇಲೆ ಬೆಲ್ಟು. ಈ ಕಡೆ ಚನ್ನವ್ವ, ಬಾಬು ಮಾಮಾ. ನಡುವೆ ನಾನು.

ಚನ್ನವ್ವ ಕುಳಿತ ಕೂಡಲೇ ಶುರು ಮಾಡಿದಳು. "ಇವನ ಮೀಸಿಗೆ ಬೆಂಕಿ ಹಚ್ಚ! ಬಸರಿ ಎಮ್ಮಿ ಕಟ್ಟಿ ಹಾಕ್ಯಾನ. ಇವನ ಹಡದಾಕಿನೂ ಹಿಂಗ ಕಟ್ಟಿದ್ರ ಇಂವ ಹುಟ್ಟತಿದ್ದನೇನ? ಹೇಳವಾ, ಹಂಗ ಹೇಳು!"

ಹಾಗೇ ಹೇಳುವುದೇ? ಹಿಂದಿಯಲ್ಲಿ ಹೇಳಿದೆ: "ಸರ್, ಇವರು ನಿಮ್ಮ ತಾಯಿ ಆರೋಗ್ಯವಾಗಿದ್ದಾರಾ ಎಂದು ಕೇಳುತ್ತಿದ್ದಾರೆ. ಒಂದು ಎಮ್ಮೆಗೆ ದಿನ ತುಂಬಿದೆ, ಅದರದೇ ಚಿಂತೆ ಎನ್ನುತ್ತಿದ್ದಾರೆ."

ಮೇಜರ್ ಸಾಹೇಬರಿಗೆ ಕೆಮ್ಮು ಬಂತು. ನೀರು ಕುಡಿದು ಗಂಭೀರವಾಗಿ ಕೇಳಿದರು. ಈ ಹೆಂಗಸಿಗೆ ದೇಶ ದೊಡ್ಡದೋ ಎಮ್ಮೆ ದೊಡ್ಡದೋ, ಕೇಳು.

ಅದನ್ನು ಹಾಗೇ ಹೇಳಿದ್ದರೆ ಮೇಜು ಉರುಳುತ್ತಿತ್ತು. "ಅತ್ತಿ, ಕಾಶಿ ಏನ ತಿಂತೈತಿ ಅಂತ ಸಾಹೇಬ್ರು ಕೇಳಾಕತ್ತಾರ" ಎಂದೆ.

ಚನ್ನವ್ವನ ಮುಖ ಸ್ವಲ್ಪ ಸಡಿಲವಾಯಿತು. "ಹತ್ತಿಕಾಳು ನೆನಿ ಹಾಕಿ ಕೊಡ್ಬೇಕ. ಬರೇ ಹುಲ್ಲ ಹಾಕಿದ್ರ ಮಾರಿ ತಿರುವತಾಳ. ಭಾಳ ಹಟಮಾರಿ ಆಕಿ."

ನಾನು ಸಾಹೇಬರಿಗೆ ಹೇಳಿದೆ: "ದೇಶವೇ ದೊಡ್ಡದು ಎನ್ನುತ್ತಿದ್ದಾರೆ. ಆದರೆ ದೇಶಕ್ಕೂ ಬೆಳಿಗ್ಗೆ ಹಾಲು ಬೇಕಲ್ಲವೇ ಎಂದು ಕೇಳುತ್ತಿದ್ದಾರೆ."

ಹೀಗೆ ಅರ್ಧ ತಾಸು. ಅವರು ಕೇಳಿದ್ದು ಇವರಿಗೆ ಮುಟ್ಟಲಿಲ್ಲ, ಇವರು ಬೈದದ್ದು ಅವರಿಗೆ ಮುಟ್ಟಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಸುಳ್ಳನ್ನು ಅಷ್ಟು ಶುದ್ಧ ವ್ಯಾಕರಣದಲ್ಲಿ ನಾನು ಮತ್ತೆಂದೂ ಹೇಳಿಲ್ಲ.

ಅಷ್ಟರಲ್ಲಿ ಹವಾಲ್ದಾರರೊಬ್ಬರು ಓಡಿಬಂದರು. ಇವರೇ, ರಾಮಫಲ್. ಸಲಾಮು ಹೊಡೆಯುವುದನ್ನೂ ಮರೆತಿದ್ದರು. ಎಮ್ಮೆ ನೋವು ತಿನ್ನುತ್ತಿದೆ, ಕರುವಿನ ಒಂದೇ ಕಾಲು ಹೊರಗೆ ಬಂದಿದೆ, ಇನ್ನೊಂದು ಒಳಗೆ ಮಡಚಿಕೊಂಡಿದೆ.

ಇದನ್ನು ನಾನು ಅನುವಾದಿಸಲೇ ಇಲ್ಲ. ಅವರ ಮುಖ ನೋಡಿದ ಚನ್ನವ್ವ ಆಗಲೇ ಎದ್ದು ಓಡಿದ್ದಳು. ಕಾವಲಿನವನು ದಾರಿ ಬಿಟ್ಟ.

ಕಾಶಿ ಟ್ರಕ್ಕಿನ ನೆರಳಲ್ಲಿ ಮಲಗಿತ್ತು. ಕಣ್ಣು ಮೇಲೆ ಸಿಕ್ಕಿಕೊಂಡಿದ್ದವು. ಚನ್ನವ್ವ ಅದರ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡಳು. "ಬಂದೀನವಾ, ಬಂದೀನಿ" ಎಂದಳು. ರಾಮಫಲ್ ಕೈಗೆ ಎಣ್ಣೆ ಸವರಿಕೊಂಡು, ಕರುವನ್ನು ನಿಧಾನ ಹಿಂದಕ್ಕೆ ತಳ್ಳಿ, ಮಡಚಿದ ಕಾಲನ್ನು ಹುಡುಕತೊಡಗಿದರು. ಎಮ್ಮೆಗಳ ನಡುವೆ ಹುಟ್ಟಿ ಬೆಳೆದವರ ಕೈ ಅದು, ನೋಡಿದರೇ ತಿಳಿಯುತ್ತಿತ್ತು.

"ತಡೀ, ಆಕಿ ತಿಣಕಲಿ" ಎನ್ನುತ್ತಿದ್ದಳು ಚನ್ನವ್ವ. ಅವರು ತಡೆಯುತ್ತಿದ್ದರು. "ಅಬ್!" ಎನ್ನುತ್ತಿದ್ದರು ಅವರು. ಆಕೆ ಪಕ್ಕಕ್ಕೆ ಸರಿದು ಕಾಶಿಯ ಹೊಟ್ಟೆ ಒತ್ತುತ್ತಿದ್ದಳು. ಕರುವಿನ ಕಾಲಿಗೆ ಕಟ್ಟಿದ ಹಗ್ಗದ ಒಂದು ತುದಿ ಬಾಬು ಮಾಮಾನ ಕೈಯಲ್ಲಿತ್ತು. ಇನ್ನೊಂದು ತುದಿ ಹಿಡಿದವರು ಯಾರು ಎಂದು ನೋಡಿದರೆ ಮೇಜರ್ ಸಾಹೇಬರು. ಬೆಲ್ಟು ಬಿಚ್ಚಿ ಎಸೆದಿದ್ದರು.

ಒಮ್ಮೆಗೇ ಕರು ಜಾರಿ ಬಂತು. ಅಲ್ಲಾಡಲಿಲ್ಲ. ರಾಮಫಲ್ ಅದರ ಮೂಗು ಒರೆಸಿ, ಹಿಂಗಾಲು ಹಿಡಿದೆತ್ತಿ, ಬೆನ್ನು ತಿಕ್ಕಿದರು. ಗೋಡೆಯ ಮೇಲಿದ್ದ ಊರು ಕತ್ತು ಚಾಚಿ ನೋಡಿತು.

ಕರು ಸೀನಿತು.

ಹೆಣ್ಣು ಕರು. ಎರಡು ದಿನ ಬೈದಾಡಿದ್ದ ಚನ್ನವ್ವ ಆಗ ಅತ್ತಳು. ರಾಮಫಲರ ಹೆಗಲ ಮೇಲೆ ತಲೆಯಿಟ್ಟು, ನೆಂಟರ ಮುಂದೆ ಅಳುವ ಹಾಗೆ ಅತ್ತಳು.

ಸಂಜೆಗೆ ಎಮ್ಮೆಗಳು ಬಿಡುಗಡೆಯಾದವು. ಭಾನುವಾರ ಬಾಬು ಮಾಮಾ ಗಂಟುಗಟ್ಟಲೆ ಯೂನಿಫಾರ್ಮು ತಂದು ಸುರಿದ. ಬಚ್ಚಿಡುವ ಗಡಿಬಿಡಿಯಲ್ಲಿ ಯಾರದು ಯಾವುದೆಂಬ ಗುರುತೆಲ್ಲ ಕಲಸಿಹೋಗಿತ್ತು. ಸೋಮವಾರ ಬ್ರಿಗೇಡಿಯರ್ ಸಾಹೇಬರ ಮುಂದೆ ಕೆಲವರ ಪ್ಯಾಂಟು ಕಣಕಾಲಿನ ಮೇಲಿತ್ತು, ಕೆಲವರದು ನೆಲ ಗುಡಿಸುತ್ತಿತ್ತು. ನದಿಯ ದಾರಿಯ ಬೋರ್ಡಿನಲ್ಲಿ ಹೊಸ ಸಾಲು ಸೇರಿತು, ಈ ಸಲ ಮರಾಠಿಯಲ್ಲೂ, ಕನ್ನಡದಲ್ಲೂ: ಹನ್ನೆರಡರಿಂದ ಎರಡು, ಎಮ್ಮೆಗಳ ಸಮಯ. ಕನ್ನಡ ಸಾಲು ಬರೆದವಳು ನಾನು. ಚನ್ನವ್ವ ಕಾಶಿಯ ಮೊದಲ ಹಾಲಿನ ಗಿಣ್ಣ ಮಾಡಿ, ಬೆಲ್ಲ, ಏಲಕ್ಕಿ ಹಾಕಿ, ದೊಡ್ಡ ಪಾತ್ರೆಯಲ್ಲಿ ಕ್ಯಾಂಪಿಗೆ ಹೊತ್ತುಕೊಂಡು ಹೋದಳು. ತಿಂಗಳಾದ ಮೇಲೆ ಟ್ರಕ್ಕುಗಳು ಹೊರಟಾಗ ಊರು ಮತ್ತೆ ಹಾರ ತಂದಿತ್ತು.

ಆ ಜಗಳವನ್ನು ನೆನೆದರೆ ನನಗೆ ಈಗಲೂ ಹಿತವೆನಿಸುತ್ತದೆ. ಎಷ್ಟು ಚೆನ್ನಾಗಿ ಜಗಳವಾಡುತ್ತಿದ್ದೆವು! ಒಬ್ಬರ ಮುಖ ಒಬ್ಬರು ನೋಡುತ್ತ, ಮುಗಿಸುವ ಮನಸ್ಸಿಟ್ಟುಕೊಂಡೇ ಜಗಳವಾಡುತ್ತಿದ್ದೆವು. ಈಗ ನಮ್ಮ ಓಣಿಯ ವಾಟ್ಸ್ಯಾಪ್ ಗುಂಪಿನಲ್ಲಿ ಕಸದ ಗಾಡಿಯ ವಿಷಯಕ್ಕೆ ಶುರುವಾದ ಜಗಳಕ್ಕೆ ವರ್ಷವಾಯಿತು. ಎದುರು ಸಿಕ್ಕರೆ ಇಬ್ಬರೂ ಫೋನು ನೋಡುತ್ತ ದಾಟುತ್ತಾರೆ.

ಚನ್ನವ್ವ ತೀರಿಕೊಂಡು ಬಹಳ ವರ್ಷವಾಯಿತು ಎಂದೆ. ರಾಮಫಲ್ ತಲೆ ತಗ್ಗಿಸಿದರು. ಹೊಳೆಯ ಕಡೆ ಕರೆದುಕೊಂಡು ಹೋಗಲೇ ಎಂದು ಕೇಳಿದೆ. ಆಗಲೇ ನೋಡಿಬಂದೆ, ಒಂದು ಎಮ್ಮೆಯೂ ಕಾಣಲಿಲ್ಲ ಎಂದರು. ನಾನು ಇನ್ನೆರಡು ಚಹಾ ಹೇಳಿದೆ.

ಆಮೇಲೆ ಅವರು ಒಬ್ಬರೇ ನಗತೊಡಗಿದರು. ಮೇಜರ್ ಸಾಹೇಬರು ನಿನ್ನನ್ನು ಬಹಳ ದಿನ ನೆನೆಸುತ್ತಿದ್ದರು ಬೇಟಿ, ಎಂದರು. ಅವತ್ತು ಸಂಜೆ ಡೇರೆಯಲ್ಲಿ, ಆ ಹೆಂಗಸು ಹೇಳಿದ್ದು ಇದು, ಹುಡುಗಿ ಹೇಳಿದ್ದು ಇದು ಎಂದು ಒಂದೊಂದಾಗಿ ಹೇಳಿ ಹೊಟ್ಟೆ ಹಿಡಿದು ನಕ್ಕಿದ್ದರಂತೆ.

"ಅವರಿಗೆ ಹೇಗೆ ಗೊತ್ತು?"

"ಸಾಹೇಬರು ಸಣ್ಣವರಿದ್ದಾಗ ಬೆಳಗಾವಿಯಲ್ಲಿ ನಾಲ್ಕೈದು ವರ್ಷ ಇದ್ದರು. ಕನ್ನಡ ಪೂರ್ತಿ ತಿಳಿಯುತ್ತಿತ್ತು."

ನನ್ನ ಮೂವತ್ತು ವರ್ಷದ ಹೆಮ್ಮೆ ಆ ಕಟ್ಟೆಯ ಮೇಲೆಯೇ ಕುಸಿಯಿತು. ಮೀಸೆಗೆ ಬೆಂಕಿ, ಹಡೆದವಳು, ಎಲ್ಲವೂ ನೇರವಾಗಿ ಆ ಕಿವಿಗೆ ಬಿದ್ದಿದ್ದವು! ಹಾಗಾದರೆ ಗೇಟಿನ ಮುಂದೆ ಚನ್ನವ್ವ ಕೂಗಿದಾಗ ಯಾಕೆ ಸುಮ್ಮನಿದ್ದರು ಎಂದು ಕೇಳಿದೆ. ಶುಕ್ರವಾರ ಸಂಜೆ ಸಾಹೇಬರು ಕ್ಯಾಂಪಿನಲ್ಲಿರಲಿಲ್ಲವಂತೆ. ಶನಿವಾರ ಬೆಳಿಗ್ಗೆ ಬಂದು ವಿಷಯ ಕೇಳಿದ ಮೇಲೆ, ಮಾತುಕತೆಗೆ ಕರೆಯಿರಿ, ನಡುವೆ ಒಬ್ಬರು ಇರಲಿ ಎಂದವರು ಅವರೇ. ಎಮ್ಮೆ ಕಟ್ಟಿಸಿದವನು ಊರು ಬಂದು ಕೇಳಿಕೊಳ್ಳದೆ ತಾನಾಗಿಯೇ ಬಿಟ್ಟರೆ ತುಕಡಿಯ ಮುಂದೆ ಮಾನ ಹೋಗುತ್ತದಲ್ಲ?

ಬಸ್ಸು ಬಂತು. ರಾಮಫಲರ ಕಾಲು ಮುಟ್ಟಿ ಹತ್ತಿದೆ. ಹಿರಣ್ಯಕೇಶಿಯ ಸೇತುವೆ ದಾಟುವಾಗ ಇನ್ನೊಂದು ನೆನಪಾಗಿ ಸೀಟಿನಲ್ಲೇ ನೆಟ್ಟಗೆ ಕುಳಿತೆ. ಚನ್ನವ್ವನ ಗಂಡ ಮುಂಬೈಯ ಗಿರಣಿಯಲ್ಲಿದ್ದವನು. ಮದುವೆಯಾದ ಹೊಸದರಲ್ಲಿ ಆಕೆ ಎಂಟು ವರ್ಷ ಅಲ್ಲಿನ ಚಾಳಿನಲ್ಲಿ ಸಂಸಾರ ಮಾಡಿದ್ದಳು. ಅಷ್ಟು ವರ್ಷ ಅಲ್ಲಿದ್ದವಳಿಗೆ ಹಿಂದಿ ಬಾರದೇ ಇರುತ್ತದೆಯೇ? ಗೇಟಿನ ಮುಂದೆ ಸಂಕಟಕ್ಕೆ ತಾಯಿಮಾತೇ ಬಾಯಿಗೆ ಬಂದಿರಬಹುದು, ಆದರೆ ಮೇಜಿನ ಮುಂದೆ?

ಹಾಗಾದರೆ ಅವತ್ತು ಆ ಬೇವಿನ ಮರದ ಕೆಳಗೆ ನಾನು ಅನುವಾದ ಮಾಡಿದ್ದು ಯಾರಿಗಾಗಿ?