ಗಂಗಿ ತೊಳೆದ ಪಲ್ಪು

ಮಾವಳ್ಳಿಯ ರಮಾನಂದ ನಾಯ್ಕರ ಬಾಯಿಂದ ‘ಗೊತ್ತಿಲ್ಲ’ ಅನ್ನುವ ಮಾತನ್ನು ಕೇಳಿದವರು ಯಾರೂ ಇಲ್ಲ. ಬಂಗಡೆ ಮೀನಿನ ಬೆಲೆ ಯಾಕೆ ಏರಿತು, ಹೆದ್ದಾರಿಯ ಕೆಲಸ ಯಾವಾಗ ಮುಗಿಯುತ್ತದೆ, ಪಕ್ಕದ ಮನೆಯ ಎಮ್ಮೆ ಯಾಕೆ ಹಾಲು ಕಡಿಮೆ ಮಾಡಿತು, ಎಲ್ಲದಕ್ಕೂ ಅವರ ಹತ್ತಿರ ಉತ್ತರ ತಯಾರು. ಅರ್ಧಕ್ಕರ್ಧ ಸರಿಯೂ ಇರುತ್ತಿತ್ತು. ಉಳಿದರ್ಧವನ್ನು ಪರೀಕ್ಷೆ ಮಾಡುವ ಪುರುಸೊತ್ತು ಯಾರಿಗಿದೆ? ಕಾಗದದ ವಿಷಯದಲ್ಲಂತೂ ಅವರ ಮಾತಿಗೆ ಎದುರಾಡುವವರೇ ಇರಲಿಲ್ಲ. ಮೂವತ್ತೊಂದು ವರ್ಷ ಘಟ್ಟದ ಮೇಲಿನ ಕಾಗದದ ಗಿರಣಿಯೊಂದರಲ್ಲಿ ಬೀಟರ್ ನಡೆಸಿ ಬಂದ ಮನುಷ್ಯ. ಮರದ ತಿರುಳನ್ನು ನೀರಿನಲ್ಲಿ ಜಜ್ಜಿ ಹದಕ್ಕೆ ತರುವ ಯಂತ್ರ ಅದು. ಗಿರಣಿಯವರ ಬಾಯಲ್ಲಿ ಆ ತಿರುಳಿಗೆ ಪಲ್ಪು ಎಂದು ಹೆಸರು. ಒಂದು ಚಿಟಿಕೆ ಪಲ್ಪನ್ನು ಬೆರಳಲ್ಲಿ ಉಜ್ಜಿ ನೋಡಿ, ನಾಳೆಯ ಕಾಗದ ಹೇಗೆ ಬರುತ್ತದೆ ಎಂದು ಇವತ್ತೇ ಹೇಳುತ್ತಿದ್ದರಂತೆ. ಎಂಜಿನಿಯರುಗಳೂ “ನಾಯ್ಕ ಏನಂತಾನೆ ಕೇಳಿ” ಎನ್ನುತ್ತಿದ್ದರಂತೆ. ಈ ‘ಅಂತೆ’ಗಳನ್ನೆಲ್ಲ ಊರಿಗೆ ಹೇಳಿದವರೂ ಅವರೇ ಅನ್ನುವುದು ಬೇರೆ ಮಾತು.

ನಿವೃತ್ತಿಯಾಗಿ ಊರಿಗೆ ಬಂದ ಮೇಲೆ ತೀರ್ಪು ಕೊಡಲು ಸಾರು, ಸಾಂಬಾರು ಬಿಟ್ಟರೆ ಬೇರೇನೂ ಉಳಿಯಲಿಲ್ಲ. ಹೆಂಡತಿ ವೀಣಾ ಎರಡು ತಿಂಗಳು ತಡೆದುಕೊಂಡಳು. ಮೂರನೆಯ ತಿಂಗಳು “ನಿಮಗೆ ಎಲ್ಲಾದ್ರೂ ಒಂದು ಕೆಲಸ ನೋಡ್ಕಣಿ ಮಾರಾಯ್ರೇ” ಎಂದು ಕೈ ಮುಗಿದಳು. ಅದೇ ಸಮಯಕ್ಕೆ ಶರ್ಮಿಳಾ ಬಂದಳು.

ಶರ್ಮಿಳಾ ಹೊನ್ನಾವರದ ಕಡೆಯ ತೋಟದ ಮನೆಯವಳು. ರಸಾಯನಶಾಸ್ತ್ರ ಓದಿ, ಆರು ವರ್ಷ ಪ್ರಯೋಗಾಲಯದಲ್ಲಿ ದುಡಿದು, ಮಾವಳ್ಳಿಯಲ್ಲಿ ಮುಚ್ಚಿಹೋಗಿದ್ದ ತೆಂಗಿನನಾರಿನ ಶೆಡ್ಡೊಂದನ್ನು ಬಾಡಿಗೆಗೆ ಹಿಡಿದಿದ್ದಳು. ಅಲ್ಲಿ ಕೂರಿಸಿದ ಸಣ್ಣ ಬೀಟರ್ ನಡೆಸಲು ರಮಾನಂದರನ್ನು ಕೆಲಸಕ್ಕೆ ಕರೆದಳು. ಹತ್ತು ಕಿಲೊ ಒಣಮೀನು ತುಂಬಿದರೂ ಹರಿಯದ ಕಾಗದದ ಚೀಲ ಮಾಡಬೇಕು, ಅದೂ ತೆಳುವಾದ ಕಾಗದದಲ್ಲಿ ಮಾಡಬೇಕು ಎನ್ನುವುದು ಅವಳ ಹಟ. ಪಲ್ಪಿಗೆ ಒಂದು ಆಮ್ಲದ ಉಪ್ಪನ್ನೂ ಕಾಸ್ಟಿಕ್ ಸೋಡಾವನ್ನೂ ಬೆರೆಸಿ ಹದವಾದ ಬಿಸಿಯಲ್ಲಿ ಇಡುತ್ತಿದ್ದಳು. ಹಾಗೆ ಮಾಡಿದರೆ ಒಂದೊಂದು ನಾರಿನ ಮೈಮೇಲೂ ಹೊಸ ಕೊಂಡಿಗಳು ಹುಟ್ಟುತ್ತವೆ, ನಾರು ನೀರು ಕುಡಿದು ಉಬ್ಬಿ ಮೆತ್ತಗಾಗುತ್ತದೆ, ಒಣಗುವಾಗ ಪಕ್ಕದ ನಾರನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ ಎಂದು ಅವಳು ವಿವರಿಸಿದಾಗ ರಮಾನಂದರು ಮೂಗು ಮುರಿದರು. “ಅಮ್ಮಾ, ಇದನ್ನೆಲ್ಲ ನಾವು ಬರೀ ಜಜ್ಜಿಯೇ ಮಾಡ್ತಿದ್ವು” ಎಂದರು. ಮೊದಲ ಹಾಳೆ ಒಣಗಿ ಕೈಗೆ ಬಂದ ದಿನ ಅದನ್ನು ಹರಿಯಲು ಹೋಗಿ, ಎರಡನೆಯ ಸಲ ಹಲ್ಲು ಕಚ್ಚಿ ಎಳೆಯಬೇಕಾಯಿತು. ಮೂವತ್ತೊಂದು ವರ್ಷದಲ್ಲಿ ಅಷ್ಟು ತೆಳುವಾದ ಕಾಗದ ಅಷ್ಟು ಬಿಗಿಯಾಗಿದ್ದದ್ದನ್ನು ಅವರು ಕಂಡಿರಲಿಲ್ಲ. ಬಾಯಿಬಿಟ್ಟು ಹೇಳಿದ್ದು ಮಾತ್ರ “ಅಡ್ಡಿಲ್ಲ” ಎಂದು.

ಪಲ್ಪು ತೊಳೆಯುವ ಕೆಲಸ ಗಂಗಿಯದು. ತೆಂಗಿನಗುಂಡಿಯಿಂದ ಎರಡು ಬಸ್ಸು ಹಿಡಿದು ಬರುತ್ತಿದ್ದಳು. ಮೊದಲು ಅಲ್ಲಿನ ಒಣಮೀನಿನ ಅಂಗಳದಲ್ಲಿ ಮೀನು ಹರವುತ್ತಿದ್ದವಳು, ಮಾತು ಕಡಿಮೆ, ಕೈ ಚುರುಕು. ಬೇಯಿಸಿದ ಪಲ್ಪಿನಲ್ಲಿ ಸೋಡಾ ಉಳಿದರೆ ಕಾಗದ ಕೆಡುತ್ತದೆ, ಎಂಟು ನೀರಿನಲ್ಲಿ ತೊಳೆಯಬೇಕು ಎಂದು ಶರ್ಮಿಳಾ ಒಂದೇ ಸಲ ಹೇಳಿದ್ದಳು. ಗಂಗಿ ಏಳಕ್ಕೆ ನಿಲ್ಲಿಸಿದ್ದನ್ನು ಯಾರೂ ನೋಡಿರಲಿಲ್ಲ. ನೀರು ಸೇದಿ ತರುವುದು ಶೆಡ್ಡಿನ ಹಿಂದಿನ ಬಾವಿಯಿಂದ.

ಮೇ ತಿಂಗಳ ನಡುವೆ ಬಾವಿಯ ತಳ ಕಂಡಿತು. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಬಾವಿಯ ಕೆಸರು ಎತ್ತಿ, ಚಿಪ್ಪಿ ಸುಟ್ಟು ಮಾಡಿದ ಸುಣ್ಣವನ್ನು ಒಂದು ಮಡಕೆಯಲ್ಲಿ ಕಟ್ಟಿ ಇಳಿಬಿಡುವುದು ಹಿಂದಿನಿಂದ ಬಂದದ್ದು. ನೀರು ತಿಳಿಯಾಗುತ್ತದೆ, ಹುಳ ಆಗುವುದಿಲ್ಲ. ಶರ್ಮಿಳಾ ಕುಮಟೆಗೆ ಹೋಗಿದ್ದ ಒಂದು ಮಂಗಳವಾರ ರಮಾನಂದರು ಆ ಕೆಲಸ ಮಾಡಿ ಮುಗಿಸಿದರು. ಕೆಲಸದ ಬಾವಿಗೆ ಸ್ವಲ್ಪ ಹೆಚ್ಚೇ ಇರಲಿ ಎಂದು ಒಂದರ ಬದಲು ಮೂರು ಮಡಕೆ ಇಳಿಸಿದರು. ಶರ್ಮಿಳಾ ಬಂದ ಮೇಲೆ ಹೇಳಲಿಲ್ಲ. ಅಂಗಳ ಗುಡಿಸಿದ್ದನ್ನು ಯಾರಾದರೂ ಹೇಳುತ್ತಾರೆಯೇ? ಮಾರನೆಯ ದಿನ ಒಂದು ಚೊಂಬು ಸೇದಿ ಕುಡಿದು ನೋಡಿದರು. ಉಪ್ಪಿಲ್ಲ, ವಾಸನೆಯಿಲ್ಲ, ಎಳನೀರಿನ ಹಾಗೆ ತಿಳಿ. ತಮಗೆ ತಾವೇ ಭೇಷ್ ಅಂದುಕೊಂಡರು.

ಅದಾದ ಐದಾರು ದಿನಕ್ಕೆ ಕಾಗದದ ಬಿಗಿ ಇಳಿಯಿತು. ಶರ್ಮಿಳಾಳ ಹತ್ತಿರ ಹಾಳೆಯನ್ನು ಒತ್ತಿ ಒಡೆದು ಬಲ ಅಳೆಯುವ ಒಂದು ಪುಟ್ಟ ಯಂತ್ರವಿತ್ತು. ಅದರ ಮುಳ್ಳು ಮೊದಲಿನ ಅರ್ಧಕ್ಕೇ ನಿಲ್ಲತೊಡಗಿತು. ಮದ್ದಿನ ಅಳತೆ ನೋಡಿದಳು, ಬಿಸಿ ನೋಡಿದಳು, ಎಲ್ಲ ಸರಿಯಿತ್ತು. ಕೊನೆಗೆ, “ರಮಾನಂದಣ್ಣ, ನೀವು ಒಮ್ಮೆ ನೋಡಿ” ಎಂದಳು.

ಅವರು ಗಂಗಿ ತೊಳೆದಿಟ್ಟ ಪಲ್ಪಿನಿಂದ ಚಿಟಿಕೆ ತೆಗೆದು ಉಜ್ಜಿದರು. ಒರಟಾಗಿತ್ತು, ಮೊದಲಿನ ನುಣುಪು ಇರಲಿಲ್ಲ. ಯಾಕೆ ಎಂದು ಅವರಿಗೆ ನಿಜಕ್ಕೂ ತಿಳಿಯಲಿಲ್ಲ. ಇಂಥ ಮದ್ದು ಹಾಕಿದ ನಾರನ್ನು ಅವರು ಮುಟ್ಟಿದ್ದೇ ನಾಲ್ಕು ತಿಂಗಳಿಂದ ಈಚೆಗೆ. ಆದರೆ ಆ ಹುಡುಗಿ ಕಾದು ನಿಂತಿದ್ದಳು, ಗಂಗಿಯೂ ಕೈ ಒರೆಸಿಕೊಳ್ಳುತ್ತ ನೋಡುತ್ತಿದ್ದಳು. ರಮಾನಂದರ ಬಾಯಿ ತಾನಾಗಿಯೇ ತೆರೆಯಿತು. “ತೊಳೆದದ್ದು ಸಾಲ್ದು” ಅಂದುಬಿಟ್ಟರು.

“ನಾ ಎಂಟು ನೀರು ತೊಳ್ದಿದ್ದೆ” ಎಂದಳು ಗಂಗಿ.

“ಎಂಟು ಅಂದ್ರೆ ಎಷ್ಟು ಅಂತ ಗೊತ್ತುಂಟನ ನಿಂಗೆ?” ಎಂದು ರಮಾನಂದರು ನಕ್ಕರು. ಗಂಗಿ ಶಾಲೆಗೆ ಹೋದವಳಲ್ಲ. ಅವಳು ಕೊಡ ಎತ್ತಿಕೊಂಡು ಬಾವಿಗೆ ಹೋದಳು. ಅಂದಿನಿಂದ ಹತ್ತು ನೀರು, ಆಮೇಲೆ ಹನ್ನೆರಡು ನೀರು ತೊಳೆದಳು. ಬೆರಳ ಸಂದಿಯಲ್ಲಿ ಚರ್ಮ ಬಿಟ್ಟು ಕೆಂಪಗಾಯಿತು. ಕಾಗದ ಇನ್ನೂ ಬಡವಾಯಿತು.

ಬಿಗಿ ಇಳಿದದ್ದು ಗೊತ್ತಾಗುವ ಮೊದಲೇ ಕಳಿಸಿದ್ದ ಚೀಲಗಳು ಅದೇ ವಾರ ಒಡೆದವು. ಭಟ್ಕಳದ ಒಣಮೀನು ವ್ಯಾಪಾರಿ ಸುದರ್ಶನ, ಮಳೆಗಾಲದ ದಾಸ್ತಾನು ತುಂಬಿಸಲು ಇವರ ಚೀಲಗಳನ್ನೇ ನಂಬಿದ್ದ. ತೆಂಗಿನಗುಂಡಿಯ ಅಂಗಳದಲ್ಲಿ ಚೀಲ ಎತ್ತಿ ಟೆಂಪೊಗೆ ಹಾಕುವಾಗ ಒಂದರ ಹಿಂದೆ ಒಂದು ತಳ ಬಿಟ್ಟು ಮೀನೆಲ್ಲ ಮಣ್ಣುಪಾಲಾಯಿತು. ಅವನು ಅಲ್ಲಿಂದಲೇ ಫೋನು ಮಾಡಿ ಕೂಗಾಡಿದ. ಶರ್ಮಿಳಾ ಏನು ಹೇಳಬೇಕೆಂದು ತೋಚದೆ, ತೊಳೆಯುವಲ್ಲಿ ತಪ್ಪಾಗಿದೆ ಎಂದಳು. ಸ್ಪೀಕರ್ ಹಾಕಿದ್ದ ಫೋನಿನ ಆ ಮಾತನ್ನು ಅಂಗಳದ ಹೆಂಗಸರೆಲ್ಲ ಕೇಳಿಸಿಕೊಂಡರು. ತೊಳೆಯುವವಳು ಯಾರು ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಶರ್ಮಿಳಾ ಗಂಗಿಯನ್ನು ಕರೆದು, ಸದ್ಯಕ್ಕೆ ಬರುವುದು ಬೇಡ, ಬೇಕಾದಾಗ ಹೇಳಿ ಕಳಿಸುತ್ತೇನೆ ಎಂದಳು. ಗಂಗಿ ರಮಾನಂದರ ಮುಖವನ್ನೊಮ್ಮೆ ನೋಡಿದಳು. ಅವರು ಬೀಟರಿನ ಬೆಲ್ಟು ಸರಿಮಾಡುವವರಂತೆ ಬಗ್ಗಿದರು. ಬೆಲ್ಟು ಸರಿಯಾಗಿಯೇ ಇತ್ತು.

ಗಂಗಿ ಹೋದ ಮೇಲೆ ಶರ್ಮಿಳಾ ತಾನೇ ಸೊಂಟಕ್ಕೆ ಸೆರಗು ಕಟ್ಟಿ ತೊಳೆಯಲು ನಿಂತಳು. ಎಂಟು ನೀರು, ಎಣಿಸಿ ಎಣಿಸಿ. ಯಂತ್ರದ ಮುಳ್ಳು ಮೇಲೇರಲಿಲ್ಲ. “ಈಗ ತೊಳೆದದ್ದು ನಾನು. ಈಗೆಂತ ಹೇಳ್ತ್ರಿ?” ಎಂದು ಕೇಳಿದಳು. ರಮಾನಂದರು, “ನೀವು ಹೊಸಬ್ರು ಅಮ್ಮ, ಕೈ ಕೂರ್ಲಿಕ್ಕೆ ಟೈಮ್ ಬೇಕು” ಎಂದರು. ಹಾಗೆ ಹೇಳುವಾಗ ಅವರ ದನಿ ಅವರಿಗೇ ಬೇರೆ ಯಾರದ್ದೋ ಎಂಬಂತೆ ಕೇಳಿತು.

ಶರ್ಮಿಳಾ ಒಂದು ಬಾಟಲಿಯಲ್ಲಿ ಬಾವಿಯ ನೀರು ತುಂಬಿಕೊಂಡು ಕುಮಟೆಗೆ, ತನಗೆ ಪಾಠ ಹೇಳಿದ ಮೇಷ್ಟರ ಹತ್ತಿರ ಹೋದಳು. ಸಂಜೆ ತಿರುಗಿ ಬಂದವಳ ಮುಖದಲ್ಲಿ ಬೆಳಕಿತ್ತು. “ನೀರಲ್ಲಿ ಸುಣ್ಣದ ಅಂಶ ವಿಪರೀತ ಇದೆ ರಮಾನಂದಣ್ಣ. ನಾವು ನಾರಿಗೆ ಹುಟ್ಟಿಸಿದ ಕೊಂಡಿಗೆ ಆ ಸುಣ್ಣ ಹೋಗಿ ಕೂತ್ಕಂಡಿದೆ. ಸುಣ್ಣ ಕೂತ ನಾರು ನೀರು ಕುಡಿಯುವುದಿಲ್ಲ, ಉಬ್ಬುವುದಿಲ್ಲ, ಪಕ್ಕದ್ದನ್ನು ಹಿಡಿಯುವುದೂ ಇಲ್ಲ. ತೊಳೆದಷ್ಟೂ ಹೆಚ್ಚು ಸುಣ್ಣ ಒಳಗೆ ಹೋಗ್ತದೆ!” ಎಂದಳು. ಆಮೇಲೆ ತನ್ನಷ್ಟಕ್ಕೆ ಎಂಬಂತೆ, “ಮೊದಲು ಹೀಗಿರ್ಲಿಲ್ಲ. ಎಲ್ಲಿಂದ ಬಂತೇನೋ” ಎಂದಳು.

ರಮಾನಂದರ ಕಣ್ಣೆದುರು ಮೂರು ಮಡಕೆಯೂ ಬಂದವು. ಸುಣ್ಣ ಹಾಕಿದ್ದಕ್ಕೆ ಅವರಿಗೆ ಅಷ್ಟು ಸಂಕಟವಾಗಲಿಲ್ಲ. ಅದು ಯಾರೂ ಮಾಡಬಹುದಾದ ಕೆಲಸ. ಹತ್ತು ನೀರು, ಹನ್ನೆರಡು ನೀರು ಎಂದು ಗಂಗಿ ಕೈ ಸವೆಸಿದ್ದು ನೆನಪಾಯಿತು. ಅವಳು ನಿಯತ್ತಿನಿಂದ ತೊಳೆದಷ್ಟೂ ಕಾಗದ ಕೆಟ್ಟಿತ್ತು, ಕೆಟ್ಟಷ್ಟೂ ತಾವು ಅವಳನ್ನು ಕೆಲಸಗಳ್ಳಿ ಎಂದು ನೋಡಿದ್ದರು. ಆದರೂ ಆಗ ಬಾಯಿಂದ ಹೊರಬಿದ್ದದ್ದು, “ಬೇಸಿಗೆ ಅಲ್ವಾ ಅಮ್ಮ, ನೀರು ಹಾಂಗೇ” ಎಂಬ ಮಾತು. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದದ್ದಾಯಿತು, ಈಗ ಗೊತ್ತಿದ್ದದ್ದನ್ನು ಗೊತ್ತಿಲ್ಲ ಎಂದದ್ದೂ ಆಯಿತು.

ಎರಡು ದಿನ ಅವರು ಕೆಲಸಕ್ಕೆ ಹೋಗಲಿಲ್ಲ. ಜ್ವರ ಎಂದರು. ವೀಣಾ ಹಣೆ ಮುಟ್ಟಿ ನೋಡಿ, ತಣ್ಣಗಿದೆಯಲ್ಲ ಎಂದಳು. ಸಾರಿಗೆ ಉಪ್ಪು ಕಡಿಮೆಯಾಗಿದ್ದರೂ ಸುಮ್ಮನೆ ಉಂಡೆದ್ದರು. ಆಗ ಅವಳಿಗೆ ನಿಜವಾಗಿ ಹೆದರಿಕೆಯಾಯಿತು. ಕೇಳಿ ಕೇಳಿ ಸಾಕುಮಾಡಿದ ಮೇಲೆ ಗಂಡ ಎಲ್ಲ ಹೇಳಿದರು. “ಆ ಗಂಗಿ ಈಗ ಎಂತ ಮಾಡ್ತಾ ಇದ್ದು?” ಎಂದು ಮಾತ್ರ ವೀಣಾ ಕೇಳಿದಳು. ಅದು ಅವರಿಗೆ ಗೊತ್ತಿರಲಿಲ್ಲ.

ಮೂರನೆಯ ದಿನ ಶೆಡ್ಡಿಗೆ ಹೋಗಿ ಶರ್ಮಿಳಾಳ ಎದುರು ನಿಂತು ಹೇಳಿದರು. ಸುಣ್ಣ ಹಾಕಿದ್ದನ್ನೂ ಹೇಳಿದರು, ಮೊನ್ನೆ ಮುಚ್ಚಿಟ್ಟದ್ದನ್ನೂ ಹೇಳಿದರು. ಬೈದರೆ ಬೈಸಿಕೊಳ್ಳಲು ತಯಾರಾಗಿ ಬಂದಿದ್ದರು. ಅವಳು ಬೈಯಲಿಲ್ಲ. ತೊಟ್ಟಿಯ ಕಟ್ಟೆಯ ಮೇಲೆ ಕುಸಿದು ಕೂತು, “ಗಂಗಿ ಎಂಟು ನೀರು ಅಂದ್ಲು. ನಾನೂ ನಂಬಲಿಲ್ಲ” ಎಂದಳು. ಆಮೇಲೆ, “ಟ್ಯಾಂಕರ್ ನೀರು ತರಿಸುವಾ. ನೀವು ಹೋಗಿ ಅವಳನ್ನ ಕರ್ಕಂಡು ಬನ್ನಿ” ಎಂದಳು.

ತೆಂಗಿನಗುಂಡಿಯ ಅಂಗಳದಲ್ಲಿ ಕೊನೆಯ ಒಣಮೀನನ್ನು ಬಾಚುವ ಗಡಿಬಿಡಿ. ಮೋಡ ಕಟ್ಟಿತ್ತು, ನಾಳೆಯೋ ನಾಡಿದ್ದೋ ಮಳೆ. ಹತ್ತು ಹನ್ನೆರಡು ಹೆಂಗಸರು ಬಗ್ಗಿಕೊಂಡು ಮೀನು ಒಟ್ಟುಮಾಡುತ್ತಿದ್ದರು. ಗಂಗಿ ಒಬ್ಬಳೇ ಆಚೆ ಮೂಲೆಯಲ್ಲಿದ್ದಳು. ಅವಳ ಪಕ್ಕದಲ್ಲಿ ಯಾರೂ ಕೂತಿರಲಿಲ್ಲ. ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಬಿರಿದ ಚರ್ಮಕ್ಕೆ ಮೀನಿನ ಉಪ್ಪು ತಾಗಿದರೆ ಹೇಗಿರುತ್ತದೆಂದು ಯಾರೂ ಹೇಳಬೇಕಾಗಿಲ್ಲ.

ರಮಾನಂದರು ಹತ್ತಿರ ಹೋಗಿ ಕೂತು, ಮೆಲ್ಲಗೆ ಎಲ್ಲ ಹೇಳಿದರು. ಅವಳು ತಲೆಯೆತ್ತದೆ ಕೇಳಿದಳು.

“ಸುಣ್ಣ ಹಾಕಿದ್ದು ತಪ್ಪಲ್ಲ. ನಮ್ಮನೆ ಬಾವಿಗೂ ಹಾಕ್ತ್ರು” ಎಂದಳು.

“ಹಾಂಗಾರೆ ಬಾ. ಅಮ್ಮ ಕರೀತಾ ಇದ್ರು.”

“ಇದನ್ನೆಲ್ಲ ನನ್ನ ಕಿವಿಲಿ ಎಂತಕ್ಕೆ ಹೇಳ್ತ್ರಿ? ನಾ ಎಂಟು ನೀರು ತೊಳ್ದದ್ದು ನಂಗೆ ಗೊತ್ತಿತ್ತು. ಗೊತ್ತಿಲ್ದೇ ಇದ್ದದ್ದು ಅವ್ರಿಗೆ.” ಗಂಗಿ ಗದ್ದದಿಂದ ಉಳಿದ ಹೆಂಗಸರತ್ತ ತೋರಿಸಿದಳು.

ರಮಾನಂದರು ಎದ್ದು ನಿಂತರು. “ಕೇಳಿ ಮಾರಾಯ್ರೆ” ಎಂದರು. ಎಲ್ಲರೂ ತಿರುಗಿದರು. “ಚೀಲ ಒಡೆದದ್ದು ಗಂಗಿಯಿಂದಲ್ಲ. ಅವಳು ಸರಿಯಾಗಿ ತೊಳ್ದಿದ್ಲು. ಬಾವಿಗೆ ಸುಣ್ಣ ಹಾಕಿದ್ದು ನಾನು, ಪಲ್ಪು ಕೆಡಿಸಿದ್ದು ಆ ಸುಣ್ಣ. ತೊಳೆದದ್ದು ಸಾಲ್ದು ಅಂತ ಹೇಳಿದವನೂ ನಾನೇ.”

ಒಬ್ಬ ಮುದುಕಿ ಸೊಂಟಕ್ಕೆ ಕೈಕೊಟ್ಟು ಕೇಳಿದಳು: “ಅಲ್ಲ, ನಿಮಗೆ ಕಾಗದದ್ದು ಎಲ್ಲ ಗೊತ್ತು ಅಂತ್ರಲ್ಲ. ಅವತ್ತು ಇದು ಗೊತ್ತಿರ್ಲಿಲ್ವ?”

“ಗೊತ್ತಿರ್ಲಿಲ್ಲ” ಎಂದರು ರಮಾನಂದರು. “ಗೊತ್ತಿಲ್ಲ ಅನ್ಲಿಕ್ಕೆ ಬಾಯಿ ಬರ್ಲಿಲ್ಲ.”

ಮುದುಕಿ ಬಗ್ಗಿ ಮೀನು ಬಾಚತೊಡಗಿದಳು. ಉಳಿದವರೂ ಬಗ್ಗಿದರು. ಸ್ವಲ್ಪ ಹೊತ್ತಿಗೆ ಒಬ್ಬಳು ತನ್ನ ಬುಟ್ಟಿ ಎಳೆದುಕೊಂಡು ಬಂದು ಗಂಗಿಯ ಪಕ್ಕ ಕೂತಳು. ಗಂಗಿ ಅವಳಿಗೆ ಜಾಗ ಬಿಟ್ಟು ಸರಿದಳು. ಆಮೇಲೆ ರಮಾನಂದರ ಕಡೆ ನೋಡಿ ಹೇಳಿದಳು:

“ಸೋಮವಾರ ಬರ್ತೆ. ಆದ್ರೆ ಒಂದು ಮಾತು. ನಾ ಮಾಡಿದ ಕೆಲಸ ಸರಿ ಉಂಟ, ತಪ್ಪುಂಟ ಅಂತ ಇನ್ನು ನೀವು ಹೇಳೂದು ಬ್ಯಾಡ. ಅಮ್ಮನ ಮಿಷನ್ನು ಹೇಳ್ತದೆ.”

ಹೀಗೆ ಸರಿ ತಪ್ಪು ಹೇಳುವುದೊಂದೇ ಇಡೀ ಆಯುಷ್ಯದಲ್ಲಿ ಅವರ ಹತ್ತಿರ ಇದ್ದ ಕೆಲಸ. ರಮಾನಂದರು ಅವಳ ಬಟ್ಟೆ ಸುತ್ತಿದ ಬೆರಳುಗಳನ್ನು ನೋಡಿದರು.

“ಆತು” ಎಂದು ಹೇಳಿ ಬಸ್ಸಿನ ಕಡೆ ಹೊರಟರು.